ಎಳೆಹೂಟೆಯ ಅರ್ಥ

ಆಸ್ಥಾನದ ಮುದಿ ಪಂಡಿತರು ಇಪ್ಪತ್ತು ವರ್ಷಗಳಿಂದ ನಿಘಂಟು ಬರೆಯುತ್ತಿದ್ದರು. ಕಣ್ಣಾರೆ ಕಾಣದ ಯಾವುದಕ್ಕೂ ಅರ್ಥ ಬರೆಯುವುದಿಲ್ಲ ಎಂಬುದು ಅವರ ವ್ರತ. ಹಕ್ಕಿಯ ಹೆಸರೊಂದಕ್ಕಾಗಿ ಮೂರು ತಿಂಗಳು ಕಾಡಿನಲ್ಲಿ ಕೂತು ಬಂದವರು. ಹರೆಯದ ಅರಸನಿಗೆ ಅವರೆಂದರೆ ಹೆತ್ತ ತಂದೆಯಷ್ಟೇ ಗೌರವ.

ಒಂದು ದಿನ ಪಂಡಿತರು ಮುಖ ಸಪ್ಪೆ ಮಾಡಿಕೊಂಡು ಬಂದರು.

“ಎಳೆಹೂಟೆ ಅಂತ ಒಂದು ಪದ ಉಳಿದುಬಿಟ್ಟಿದೆ, ಒಡೆಯಾ. ಹಳೇ ಕಾಲದ ಮರಣದಂಡನೆ. ಹೂಟೆ ಅಂದ್ರೆ ಉಳುಮೆ. ಎತ್ತಿಗೆ ನೇಗಿಲು ಕಟ್ಟೋ ಹಾಗೆ ಮನುಷ್ಯನನ್ನ ಆನೆ ಕಾಲಿಗೆ ಕಟ್ಟಿ ಎಳೆಸ್ತಿದ್ರಂತೆ. ಆದ್ರೆ ಕಂಡೋರು ಯಾರೂ ಬದುಕಿಲ್ಲ.”

ಅರಸನಿಗೆ ಅವರ ಸಂಕಟ ನೋಡಲಾಗಲಿಲ್ಲ.

“ನಾಳೆ ನೇಣಿಗೆ ಹೋಗೋ ಕುದುರೆಗಳ್ಳ ಒಬ್ಬ ಇದ್ದಾನೆ. ಹೇಗಿದ್ರೂ ಸಾಯೋನೇ,” ಎಂದ.

ಮರುದಿನ ಬೆಳಿಗ್ಗೆ ಬಯಲಿನಲ್ಲಿ ಆನೆ ಮೂರು ಸುತ್ತು ಹಾಕಿತು. ಮೊದಲ ಸುತ್ತಿಗೇ ಅರಸ ಮುಖ ತಿರುಗಿಸಿದ. ಎರಡನೆಯ ಸುತ್ತಿಗೆ ಕಳ್ಳನ ಕೂಗು ನಿಂತಿತು. ಎಲ್ಲ ಮುಗಿದ ಮೇಲೆ ಧೈರ್ಯ ಮಾಡಿ ಪಕ್ಕಕ್ಕೆ ನೋಡಿದರೆ, ಪಂಡಿತರ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಅರಸ ಅವರ ಎರಡೂ ಕೈ ಹಿಡಿದುಕೊಂಡ.

“ತಪ್ಪಾಯ್ತು, ಗುರುಗಳೇ. ನನ್ನ ನಾಡಲ್ಲಿ ಇನ್ನು ಇದು ನಡೆಯೋದಿಲ್ಲ. ಅಳಬೇಡಿ.”

ಪಂಡಿತರು ಕೈ ಬಿಡಿಸಿಕೊಂಡು, ಉತ್ತರೀಯದಿಂದ ಕಣ್ಣೊರೆಸಿಕೊಂಡರು.

“ಹಾಳು ಧೂಳು, ಒಡೆಯಾ. ಕೊನೇ ಸುತ್ತು ಕಾಣಲೇ ಇಲ್ಲ. ಇನ್ನೊಬ್ಬನನ್ನ ಕಟ್ಟಿಸಿ.”