ಮಡಿಲಲ್ಲಿಟ್ಟ ಕ್ಯಾಸೆಟ್ಟು

ಮೊಮ್ಮಕ್ಕಳೇ, ಈಗಲೂ ವಿಭೂತಿಯ ವಾಸನೆ ಬಂದರೆ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮಪ್ಪನ ಸೋದರಮಾವ ಕೊಟ್ರಪ್ಪಜ್ಜ ತಾನೇ ಪದ ಕಟ್ಟಿ, ದಿಮ್ಮಡಿ ಬಾರಿಸಿ ಹಾಡುತ್ತಿದ್ದ. ಅವು ಊರ ಗೌಡರ ದರ್ಪವನ್ನು ಆಡಿಕೊಳ್ಳುವ ಪದಗಳು. ಬಾಗಿಲು ಹಾಕಿಕೊಂಡು, ದಿಮ್ಮಡಿಗೆ ಟವೆಲ್ ಹೊದಿಸಿ ಹಾಡಬೇಕಿತ್ತು. ಅಜ್ಜನಿಗೆ ಬರೆಯಲು ಬರುತ್ತಿರಲಿಲ್ಲ. ಹರಪನಹಳ್ಳಿಯಿಂದ ಖಾಲಿ ಕ್ಯಾಸೆಟ್ಟೊಂದನ್ನು ತಂದು ಅಪ್ಪನೇ ಅವನ್ನೆಲ್ಲ ತುಂಬಿಸಿದ್ದ.

ಅಜ್ಜ ತೀರಿಕೊಂಡಾಗ ಹೊಲದಲ್ಲಿ ಕುಣಿ ತೋಡಿ ಅವನನ್ನು ಕೂರಿಸಿದರು. ಸುತ್ತಲೂ ವಿಭೂತಿ ಗಟ್ಟಿ ಜೋಡಿಸಿದರು. ಅದರ ಪುಡಿ ನನ್ನ ಗಂಟಲಿಗೆ ಹತ್ತುತ್ತಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗಿಡುವುದು ನಮ್ಮ ಮನೆಯ ಪದ್ಧತಿ. ಅಜ್ಜನ ತಂಗಿ, ಅಂದರೆ ನನ್ನ ಅಜ್ಜಿ, ಸೆರಗಿನೊಳಗಿಂದ ಕ್ಯಾಸೆಟ್ಟು ತೆಗೆದಳು.

“ಯವ್ವಾ, ಅದನ್ನ ಇಡಬ್ಯಾಡ. ಇರೋದು ಅದೊಂದ ಐತಿ,” ಎಂದ ಅಪ್ಪ.

“ಅಣ್ಣನ ಪದ ಅಣ್ಣನ ಕೂಡ ಹೋಗ್ಲಿ,” ಎಂದು ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅಲ್ಲಿ ಟೇಪು ಯಾರು ಕೊಡ್ತಾರಬೇ ಅವಂಗ?” ಎಂದು ನಮ್ಮತ್ತೆ ಅಳುತ್ತಲೇ ನಕ್ಕಳು.

ಅಜ್ಜಿ ನಗಲಿಲ್ಲ. ಕುಣಿಯ ಆಚೆ ನಿಂತಿದ್ದ ಗೌಡರನ್ನು ನೋಡಿದಳು. ಆಮೇಲೆ ನನ್ನನ್ನೂ ನನ್ನ ತಮ್ಮನನ್ನೂ ನೋಡಿದಳು. ಕ್ಯಾಸೆಟ್ಟನ್ನು ಅಜ್ಜನ ಮಡಿಲಲ್ಲಿಟ್ಟಳು. ಗೌಡರು ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಮೆಲ್ಲಗೆ ಅಜ್ಜನ ಪದವೊಂದನ್ನು ಗುನುಗಿದ. ಒಂದು ಸಾಲಾದ ಮೇಲೆ ನಿಂತುಬಿಟ್ಟ.

“ಮುಂದ ಏನಬೇ?” ಎಂದು ನನ್ನನ್ನು ಕೇಳಿದ.

ನನಗೂ ಬರಲಿಲ್ಲ.