ಗೆಳತಿ ತೋರಿಸಿದ ಸಮುದ್ರ

ನಾನು ಮುಂಬೈಗೆ ಬಂದಾಗಿನಿಂದ ಗೆಳತಿ ಇಂದುಮತಿ ಒಂದು ಗಳಿಗೆ ಕೂರಲು ಬಿಟ್ಟಿರಲಿಲ್ಲ. ಮಾರ್ಕೆಟ್ಟು, ಮ್ಯೂಸಿಯಮ್ಮು, ಗುಡಿ ಎಂದು ದಿನವಿಡೀ ಸುತ್ತಿಸಿ ನನ್ನ ಹಿಮ್ಮಡಿಯಲ್ಲಿ ಗುಳ್ಳೆ ಎಬ್ಬಿಸಿದ್ದಳು.

“ಇವತ್ತರೆ ಮನ್ಯಾಗ ಇರೂಣು. ಕಾಲು ಸೋತಾವ,” ಎಂದೆ.

“ಸಮುದ್ರ ನೋಡದ ಹೋದ್ರ ಮುಂಬೈಗೆ ಬಂದಂಗ ಅಲ್ಲ. ಅತ್ತಿ ಕೇಳಿದ್ರ ನಾನ ಹಟ ಹಿಡದೀನಿ ಅನ್ನು.”

ಅವಳ ಅತ್ತೆ ಕೇಳಿಯೇ ಕೇಳಿದರು. ಬೇರೆ ದಾರಿಯಿಲ್ಲದೆ, “ನನಗ ಸಮುದ್ರ ನೋಡಬೇಕ್ರಿ,” ಎಂದು ಸುಳ್ಳು ಹೇಳಿದೆ.

“ಬಂದವರಿಗೆ ಊರು ತೋರಿಸಬೇಕಲ್ಲ. ಹೋಗ್ಬರ್ರಿ,” ಎಂದರು ಅವರು, ಮುಖ ಗಂಟಿಕ್ಕಿಕೊಂಡೇ.

ನಡೆದೇ ಹೊರಟೆವು. ಒಂದೊಂದು ತಿರುವಿನಲ್ಲೂ ಇಂದುಮತಿ ನಿಂತು ಅಂಗಡಿಯವರನ್ನು ದಾರಿ ಕೇಳುತ್ತಿದ್ದಳು. ನೋವಿಗೆ ನನ್ನ ಸಿಟ್ಟು ನೆತ್ತಿಗೇರಿತು.

“ಮದುವಿಯಾಗಿ ಹನ್ನೊಂದು ವರ್ಷ ಇದ ಮನ್ಯಾಗ ಇದ್ದೀ. ದಾರಿ ಗೊತ್ತಿಲ್ಲಂದ್ರ ನನ್ನ ಯಾಕ ಎಳಕೊಂಡು ಬಂದಿ?”

ಅವಳು ಸರಸರ ಮುಂದೆ ನಡೆದಳು. ಅಷ್ಟರಲ್ಲಿ ಓಣಿ ಮುಗಿದು ಎದುರಿಗೆ ಸಮುದ್ರ ಕಂಡಿತು. ಇಂದುಮತಿ ಚಪ್ಪಲಿ ಬಿಟ್ಟು ನೀರಿಗಿಳಿದಳು. ಆಮೇಲೆ ಬಂದ ಓಣಿಯ ಕಡೆ ತಿರುಗಿ ನೋಡಿದಳು.

“ಮನಿಯಿಂದ ಇಷ್ಟ ಸಮೀಪ ಇತ್ತೇನ ಇದು?” ಎಂದಳು.