ಕಂಪ್ಯೂಟರ್ ಮುಟ್ಟದ ವರ

ಮಧುಕರರಾಯರು ಮಗಳ ಫೋಟೋದ ಮೇಲೆ ಭೂತಕನ್ನಡಿ ಹಿಡಿದು ಕೂತಿದ್ದರು. ಖೋಟಾ ನೋಟು ಹುಡುಕುವ ಬ್ಯಾಂಕಿನ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ.

"ಇದಕ್ಕ ಯಾರೋ ಕೈ ಹಚ್ಯಾರ," ಎಂದರು. "ಭುಜದ ಹತ್ರ ಹಿಂದಿನ ಕಲ್ಲು ಕಲ್ಲಿನಂಗ ಇಲ್ಲ. ಎಡಗಡೆಯಿಂದ ಬಿದ್ದ ಈ ಬೆಳಕೂ ಖರೇ ಬೆಳಕಲ್ಲ."

ಹೆಂಡತಿ ವಸುಧಾ ಮೆಂತ್ಯದ ಸೊಪ್ಪು ಬಿಡಿಸುತ್ತಲೇ ಹೇಳಿದರು: "ಸ್ಟುಡಿಯೋ ಹರಿದಾಸ ಕಂಪ್ಯೂಟರಿನ್ಯಾಗ ಸ್ವಚ್ಛ ಮಾಡಿಕೊಟ್ಟಾನ. ನೀರಜಾ ವೇರೂಳಕ್ಕ, ಅದಽ ಎಲ್ಲೋರಾ ಗುಹಾಕ್ಕ, ಪಿಕ್ನಿಕ್ ಹೋದಾಗ ತಗದದ್ದು. ಪಕ್ಕದಾಗ ಯಾರೋ ನಿಂತಿದ್ರಂತ. ವರನ ಕಡೆಯವರಿಗೆ ಕಳಿಸೋ ಫೋಟೋದಾಗ ಅವರ್ಯಾಕ?"

ರಾಯರ ಸಂಕಟ ಬೇರೆಯೇ ಇತ್ತು. ಮನೆಯಲ್ಲಿ ಜಪಾನಿನ ಕ್ಯಾಮೆರಾ ಇತ್ತು, ಬಗೆಬಗೆಯ ಲೆನ್ಸ್ ಇದ್ದವು. ಅದರಲ್ಲಿ ತೆಗೆದ ಒಂದೊಂದು ಫೋಟೋದಲ್ಲೂ ಮಗಳು ಹಲ್ಲಿನ ಡಾಕ್ಟರ ಮುಂದೆ ಸರದಿ ಕಾಯುವವಳ ಹಾಗೆ ಬಂದಿದ್ದಳು. ಈಗ ಯಾರದೋ ಡಬ್ಬಿ ಕ್ಯಾಮೆರಾದಲ್ಲಿ ಕಣ್ಣು ತುಂಬ ನಗುತ್ತಿದ್ದಾಳೆ. ನಗುವನ್ನೂ ಹರಿದಾಸನೇ ಹಚ್ಚಿರಬೇಕು ಎಂದುಕೊಂಡರು.

ನಾಶಿಕದ ರವಿವಾರ ಕಾರಂಜಾ ಪೇಟೆಯಲ್ಲಿದ್ದ ಆ ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂದ ದಿನದಿಂದ ರಾಯರಿಗೂ ಹರಿದಾಸನಿಗೂ ಇದೇ ಜಗಳ. ಹರಿದಾಸನ ಮನೆತನ ಬೀದರ ಕಡೆಯದು, ಹಾಗಾಗಿ ಜಗಳವೂ ಕನ್ನಡದಲ್ಲೇ.

"ಲೆನ್ಸ್ ಕಾಣದ್ದನ್ನ ನಿನ್ನ ಡಬ್ಬಿ ಎಲ್ಲಿಂದ ತರ್ತದೋ?"

"ತರೂದಲ್ರಿ ರಾಯರ, ತಗಿಯೂದು. ಬ್ಯಾಡಾದದ್ದು ತಗದ್ರ ಫೋಟೋ ತಾನಽ ಛಲೋ ಆಗ್ತದ."

ನೀರಜಾ ಔರಂಗಾಬಾದಿನ ಅಂಚಿನ ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಹಾಸ್ಟೆಲಿನಿಂದ ರಜೆಗೆ ಮನೆಗೆ ಬರುತ್ತಿದ್ದಳು. ಹಿಂದಿನ ದೀಪಾವಳಿಗೆ ಬಂದಾಗ ಮದುವೆಯ ಮಾತೆದ್ದು ಅವಳು ಏನೋ ಹೇಳಲು ಬಾಯಿ ತೆರೆದಿದ್ದಳು. "ವರನ್ನ ಹುಡುಕೂದು ನನ್ನ ಕೆಲಸ. ನನ್ನ ಕಣ್ಣಿಗೆ ಬಂದವನಽ ಅಳಿಯ," ಎಂದು ರಾಯರು ಬಾಯಿ ಮುಚ್ಚಿಸಿದ್ದರು. ಅಂದಿನಿಂದ ಅಪ್ಪ ಮಗಳ ಮಾತು ಅನ್ನ ಸಾರಿನ ಮಟ್ಟಿಗೆ ನಿಂತುಹೋಗಿತ್ತು. ರಾಯರಿಗೆ ಅದರಿಂದ ಒಳಗೊಳಗೇ ಬಹಳ ನೋವಾಗಿತ್ತು. ಚಿನ್ನದಂಥ ವರನನ್ನು ತಂದು ನಿಲ್ಲಿಸಿ ಮಗಳನ್ನು ಮತ್ತೆ ಮಾತಾಡಿಸಬೇಕು ಎಂಬುದೇ ಅವರ ಹಟ.

ಔರಂಗಾಬಾದಿನಲ್ಲಿದ್ದ ವಸುಧಾರ ಸೋದರತ್ತೆ ಸುಶೀಲಾಬಾಯಿ ವರಗಳ ಫೋಟೋ ಕಳಿಸಿದರು. ರಾಯರು ಮತ್ತೆ ಭೂತಕನ್ನಡಿ ಹಿಡಿದರು. ಒಬ್ಬನ ಹಣೆಯ ಮೇಲೆ ಫ್ಲ್ಯಾಷ್ ಹೊಳೆದಿತ್ತು, ತೆಗೆದಿಟ್ಟರು. ಇನ್ನೊಬ್ಬನ ಹಿಂದೆ ಸ್ಟುಡಿಯೋದ ಬಣ್ಣದ ತಾಜಮಹಲು, ಅವನೂ ಹೋದ. ಕೊನೆಯ ಫೋಟೋ ಕೈಯಲ್ಲೇ ಉಳಿಯಿತು. ಅರವಿಂದ ಎಂಬ ಎಂಜಿನಿಯರು, ಎದೆಮಟ್ಟದ ಚಿತ್ರ, ಹಿಂದೆ ಬರೀ ಆಕಾಶ, ಎಡಗೆನ್ನೆಯ ಮೇಲೆ ಎಳೆಬಿಸಿಲು.

"ಇದಕ್ಕಂತಾರ ಬೆಳಕು," ಎಂದರು. "ಕಂಪ್ಯೂಟರ್ ಮುಟ್ಟಿಲ್ಲ. ಇಂಥಾ ನಗು ಮಷೀನಿಗೆ ಬರೂದಿಲ್ಲ."

"ನನಗ ತಾಜಮಹಲ್ ಹುಡುಗನಽ ಛಲೋ ಕಾಣ್ತಾನ್ರಿ," ಎಂದರು ವಸುಧಾ.

ಅಷ್ಟು ಸಾಕಾಯಿತು. ರಾಯರು ಅರವಿಂದನನ್ನೇ ಗಟ್ಟಿಮಾಡಿದರು. ರಜೆಗೆ ಬಂದ ನೀರಜಾಳನ್ನು ಕೇಳಿದ್ದಕ್ಕೆ ಅವಳು ತಲೆ ಎತ್ತದೆ, "ಬಾಬಾ, ನೀವು ಹೇಳಿದಂಗ," ಎಂದಳು.

ಹುಡುಗಿ ಔರಂಗಾಬಾದಿನಲ್ಲೇ ಇದ್ದುದರಿಂದ ನೋಡುವ ಶಾಸ್ತ್ರ ಅಲ್ಲಿ ಹುಡುಗನ ಮನೆಯಲ್ಲೇ ಆಯಿತು. ಎಲ್ಲರಿಗೂ ಹಾಲು ಹಾಕಿದ ಚಹಾ ಬಂದರೆ ನೀರಜಾಳಿಗೆ ಮಾತ್ರ ಕರೀ ಚಹಾ ಬಂತು. ಅವಳಿಗೆ ಹಾಲು ಸೇರದೆಂದು ಸುಶೀಲಾಬಾಯಿ ಹೇಳಿರಬೇಕು, ಬಹಳ ಕಾಳಜಿಯ ಜನ ಎಂದು ರಾಯರು ಮೆಚ್ಚಿಕೊಂಡರು. ಆದರೆ ಹುಡುಗನ ತಂದೆ ಗೋವಿಂದರಾಯರು ಅನುಮಾನಿಸಿದರು. "ಜಾತಕ ಇನ್ನೊಮ್ಮೆ ತೋರಸೋಣು," ಎಂದರು.

"ಜಾತಕ ಏನು ತೋರಸ್ತೀರಿ? ನಾ ಫೋಟೋ ನೋಡೀನಿ," ಎಂದು ಮಧುಕರರಾಯರು ವಾದಕ್ಕಿಳಿದರು. ಅರವಿಂದನ ಗುಣಗಳನ್ನು ಅವನ ಹೆತ್ತ ತಂದೆಗೇ ವಿವರಿಸಿದರು. ಗೋವಿಂದರಾಯರು ಸೋತು ಒಪ್ಪಿದರು. ನಿಶ್ಚಯದ ಸಕ್ಕರೆ ಹಂಚಿ ಮಾತು ಮುಗಿಸಿದ ಮೇಲೆ ರಾಯರು ತಮ್ಮ ಕ್ಯಾಮೆರಾ ತೆಗೆದು ಅಳಿಯನನ್ನು ನಿಲ್ಲಿಸಿದರು. ಹುಡುಗ ಕವಾಯತಿಗೆ ನಿಂತವನಂತೆ ಸೆಟೆದುಕೊಂಡ. ಯಾಕೋ ಆ ನಗು ಬರಲೇ ಇಲ್ಲ.

ನೀರಜಾ ರಜೆ ಹಾಕಿ ಅಪ್ಪ ಅಮ್ಮನ ಜೊತೆಗೇ ನಾಶಿಕಕ್ಕೆ ಹೊರಟಳು. ಬಸ್ಸಿನಲ್ಲಿ ಅಪ್ಪನ ಪಕ್ಕದಲ್ಲೇ ಕೂತಳು. ಲಾಸಲಗಾಂವ್ ಕಡೆಯ ಈರುಳ್ಳಿ ಲಾರಿಗಳ ಹಿಂದೆ ಬಸ್ಸು ತೆವಳುತ್ತಿದ್ದರೆ ಇವಳು ದಾರಿಯುದ್ದಕ್ಕೂ ಮಾತಾಡಿದಳು, ನಕ್ಕಳು, ಕೊನೆಗೆ ಅಪ್ಪನ ಭುಜಕ್ಕೆ ಒರಗಿ ನಿದ್ದೆ ಹೋದಳು. ರಾಯರ ಕಣ್ಣು ತುಂಬಿಬಂತು. ಅವರು ಅಲುಗಾಡದೆ ಕೂತರು.

ಮರುದಿನ ರೋಲು ತೊಳೆಸಲು ಸ್ಟುಡಿಯೋಕ್ಕೆ ಹೋದಾಗ ಅವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅರವಿಂದನ ಫೋಟೋವನ್ನು ಹರಿದಾಸನ ಮೇಜಿನ ಮೇಲೆ ಇಟ್ಟರು.

"ನಮ್ಮ ಅಳಿಯ. ಬರೇ ಫೋಟೋ ನೋಡಿ ಆರಿಸೀನಿ. ಸಕ್ಕರಿ ಹಂಚಿದ್ದೂ ಆತು. ಇದು ಲೆನ್ಸಿನ ತಾಕತ್ತು. ನಿನ್ನ ಡಬ್ಬಿ ಇದನ್ನ ಮುಟ್ಟಿಲ್ಲ, ಹೌದಲ್ಲೋ?"

ಹರಿದಾಸ ಫೋಟೋ ನೋಡಿದ, ರಾಯರ ಮುಖ ನೋಡಿದ. "ಸಕ್ಕರಿ ಹಂಚೀರಂದ್ರ ಇನ್ನ ತೋರಸ್ಲಿಕ್ಕೆ ಅಡ್ಡಿಯಿಲ್ಲ," ಎಂದು ಕೀಲಿಮಣೆ ಒತ್ತಿದ. ಪರದೆಯ ಮೇಲೆ ಚಿತ್ರವೊಂದು ಮೇಲಿನಿಂದ ಪಟ್ಟಿಪಟ್ಟಿಯಾಗಿ ಇಳಿಯತೊಡಗಿತು. ಮೊದಲು ವೇರೂಳದ ಆಕಾಶ, ಆಮೇಲೆ ಕಲ್ಲಾನೆಯ ಬೆನ್ನು, ಆಮೇಲೆ ಅಕ್ಕಪಕ್ಕ ನಗುತ್ತಿದ್ದ ಎರಡು ಮುಖ.

"ಎರಡೂ ಒಂದಽ ಫೋಟೋರಿ ರಾಯರ. ನಿಮ್ಮ ಮನಿ ಪ್ರಿಂಟಿನ್ಯಾಗ ಅಳಿಯಂದಿರನ್ನ ತಗದೆ, ಔರಂಗಾಬಾದಿನ ಪ್ರಿಂಟಿನ್ಯಾಗ ನೀರಜಾ ಅವರನ್ನ. ಎರಡೂ ವಸುಧಾ ವೈನಿಯವರಽ ಬಾಜೂಕ್ಕ ಕೂತು ಮಾಡಿಸ್ಯಾರ."